ಉಳಿದದ್ದು ಯಾರ ಪಾಲು?

ಕಳೆದ ಹಂಗಾಮಿನಲ್ಲಿ ಮಿರಜದಿಂದ ಬೆಳಗಾವಿಗೆ ಹೊರಟವನು ನಡುವೆ ಉಗಾರ ಖುರ್ದದಲ್ಲಿ ಇಳಿದೆ. ತುರ್ತಿನ ಕೆಲಸವೇನೂ ಇರಲಿಲ್ಲ. ಪರಿಚಯದ ರೈತರೊಬ್ಬರು ಬಹಳ ದಿನದಿಂದ ಕರೆಯುತ್ತಿದ್ದರು. ಕರೆದವರ ಊರಿನ ಮೇಲೆಯೇ ಹಾದು ಹೋಗುತ್ತ ಅವರ ಮನೆಗೆ ಹೋಗದಿರುವುದು ಮರ್ಯಾದೆಯಲ್ಲವೆನಿಸಿತು. ನಿಲ್ದಾಣದಲ್ಲಿ ನನ್ನನ್ನು ಮೊದಲು ಎದುರುಗೊಂಡದ್ದು ಅವರಲ್ಲ, ಕುದಿಯುವ ಕಬ್ಬಿನ ಹಾಲಿನ ವಾಸನೆ. ಹಂಗಾಮಿನ ದಿನಗಳಲ್ಲಿ ಸಕ್ಕರೆಯ ಊರುಗಳಿಗೆಲ್ಲ ಈ ವಾಸನೆಯೇ ವಿಳಾಸ.

ಊರಿನ ಹೆಸರಿನಲ್ಲಿಯೇ ಒಂದು ಸ್ವಾರಸ್ಯವಿದೆ. ಈ ಸೀಮೆಯಲ್ಲಿ ಒಂದೇ ಹೆಸರಿನ ಎರಡು ಊರುಗಳಿದ್ದರೆ ದೊಡ್ಡದನ್ನು ಬುದ್ರುಕ ಎಂದೂ ಚಿಕ್ಕದನ್ನು ಖುರ್ದ ಎಂದೂ ಕರೆಯುವುದು ಹಳೆಯ ರೂಢಿ. ಎರಡೂ ಪಾರಸಿಯಿಂದ ಬಂದ ಮಾತುಗಳು. ಉಗಾರ ಬುದ್ರುಕವೂ ಇದೆ, ಉಗಾರ ಖುರ್ದವೂ ಇದೆ. ಯಾವುದೋ ಕಾಲದಲ್ಲಿ ಯಾರೋ ದಫ್ತರದಲ್ಲಿ ಚಿಕ್ಕದೆಂದು ಬರೆದರು. ಆ ಹೆಸರು ಹಾಗೆಯೇ ನಿಂತಿತು. 1939ರಲ್ಲಿ ಸ್ಥಾಪಿತವಾದ ಉಗಾರ ಶುಗರ ವರ್ಕ್ಸ್ ಕಂಪನಿಯ ಕಾರಖಾನೆ ನೆಲೆಗೊಂಡದ್ದು ಮಾತ್ರ ಈ ಚಿಕ್ಕದೆನ್ನಿಸಿಕೊಂಡ ಊರಿನಲ್ಲಿ. ದಫ್ತರದ ಮಾತಿಗೂ ನೆಲದ ಮೇಲಿನ ಸಂಗತಿಗೂ ನಡುವೆ ಇರುವ ಅಂತರವನ್ನು ಈ ಬರಹದಲ್ಲಿ ನಾನು ಇನ್ನೊಮ್ಮೆ ನೆನೆಯಬೇಕಾಗಿದೆ.

ರೈತರ ಮನೆಯಲ್ಲಿ ಅವರ ಅಳಿಯಂದಿರೂ ಬಂದಿದ್ದರು. ಇವರು ಎಂಜಿನಿಯರರು; ಬೇರೆ ಬೇರೆ ಜಿಲ್ಲೆಗಳ ಸಕ್ಕರೆ ಕಾರಖಾನೆಗಳಲ್ಲಿ ಹಲವು ವರ್ಷ ದುಡಿದವರು. ಸಂಜೆ ಮೂವರೂ ರಸ್ತೆಯ ಬದಿಗೆ ನಿಂತು, ಕಾಟಾದ ಕಡೆಗೆ ಸಾಲುಗಟ್ಟಿದ ಟ್ರಾಕ್ಟರುಗಳನ್ನು ನೋಡುತ್ತಿದ್ದೆವು. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿದದ್ದೆಲ್ಲ ಏನಾಗುತ್ತದೆಂದು ನಾನು ಕೇಳಿದೆ. ಅಳಿಯಂದಿರು ಬೆರಳು ಮಡಿಚುತ್ತ ಲೆಕ್ಕ ಹೇಳಿದರು.

ಒಂದು ಟನ್ನು ಕಬ್ಬು ಒಳಗೆ ಹೋದರೆ ಸಕ್ಕರೆಯಾಗಿ ಹೊರಬರುವುದು ಸುಮಾರು 100 ಕಿಲೊ ಮಾತ್ರ. ಹಿಂಡಿದ ಸಿಪ್ಪೆ 300 ಕಿಲೊದ ಆಸುಪಾಸು. ಕಾರಖಾನೆಯ ಭಾಷೆಯಲ್ಲಿ ಅದು ಬಗ್ಯಾಸ್. ಕಾಕಂಬಿ 40ರಿಂದ 45 ಕಿಲೊ. ರಸವನ್ನು ಸೋಸಿದಾಗ ನಿಲ್ಲುವ ಗಸಿ, ಅಂದರೆ ಪ್ರೆಸ್‌ಮಡ್, 30ರಿಂದ 40 ಕಿಲೊ. ಉಳಿದದ್ದೆಲ್ಲ ಬಹುಮಟ್ಟಿಗೆ ನೀರು. ಸಿಪ್ಪೆ ಬಾಯ್ಲರಿಗೆ ಹೋಗಿ ಉಗಿಯಾಗುತ್ತದೆ, ಉಗಿ ಟರ್ಬೈನನ್ನು ತಿರುಗಿಸಿ ವಿದ್ಯುತ್ತಾಗುತ್ತದೆ. ಕಾರಖಾನೆಗೆ ಸಾಕಾಗಿ ಮಿಕ್ಕದ್ದು ತಂತಿಯ ಮೇಲೆ ಊರಿಗೆ ಹೋಗುತ್ತದೆ. ಕಾಕಂಬಿಯಿಂದ ಮದ್ಯಸಾರ. ಪ್ರೆಸ್‌ಮಡ್ ಗೊಬ್ಬರ. ಮದ್ಯಸಾರವನ್ನು ಭಟ್ಟಿ ಇಳಿಸಿದ ಮೇಲೆ ಉಳಿಯುವ ಕಂದು ಬಣ್ಣದ ದ್ರವವೊಂದಿದೆ, ಸ್ಪೆಂಟ್ ವಾಶ್ ಎಂದು ಅದರ ಹೆಸರು. ಒಂದು ಲೀಟರು ಮದ್ಯಸಾರಕ್ಕೆ 8ರಿಂದ 15 ಲೀಟರಿನಷ್ಟು ಬರುತ್ತದೆ. ಅದನ್ನೂ ಬಿಡುವುದಿಲ್ಲ. ಪ್ರೆಸ್‌ಮಡ್ಡಿನೊಡನೆ ಕೊಳೆಸಿ ಗೊಬ್ಬರ ಮಾಡುತ್ತಾರೆ, ಇಲ್ಲವೆ ಗಟ್ಟಿಯಾಗಿಸಿ ಬಾಯ್ಲರಿನಲ್ಲಿ ಸುಡುತ್ತಾರೆ. ಸುಟ್ಟ ಬೂದಿಯಲ್ಲಿ ಪೊಟ್ಯಾಶ್ ಸಿಗುತ್ತದೆ. “ಒಟ್ಟಿನ ಮ್ಯಾಲ ಕಸ ಅನ್ನೂದ ಇಲ್ರಿ ಸರ” ಎಂದು ಅಳಿಯಂದಿರು ಲೆಕ್ಕ ಮುಗಿಸಿದರು.

ನನಗೆ ಇದು ಹೊಸತೆಂದೂ ಅನ್ನಿಸಿತು, ಬಹಳ ಹಳೆಯದೆಂದೂ ಅನ್ನಿಸಿತು. ಕಾರಖಾನೆಗಳು ಬರುವ ಮೊದಲು ಬೆಲ್ಲದ ಗಾಣದಲ್ಲಿಯೂ ಹಿಂಡಿದ ಸಿಪ್ಪೆ ಒಣಗಿ ಅದೇ ಕಡಾಯಿಯ ಕೆಳಗೆ ಉರಿಯಾಗುತ್ತಿತ್ತು. ರವದಿ ದನದ ಕೊಟ್ಟಿಗೆಗೆ, ಗುಡಿಸಲ ಮಾಡಿಗೆ, ತಿಪ್ಪೆಗೆ ಹೋಗುತ್ತಿತ್ತು. ಬಡವರ ಮನೆಯಲ್ಲಿ ಯಾವುದೂ ಕಸವಲ್ಲ. ಎಸೆಯುವಷ್ಟು ಶ್ರೀಮಂತಿಕೆ ಬಂದ ಮೇಲೆ ನಾವು ಕಸವೆಂಬುದನ್ನು ಕಂಡೆವು. ಅದನ್ನು ಮತ್ತೆ ಬಳಸುವುದಕ್ಕೆ ಈಗ ಮರುಬಳಕೆ ಎಂದೂ ಸುಸ್ಥಿರತೆ ಎಂದೂ ಹೆಸರಿಟ್ಟು ಸಂತೋಷಪಡುತ್ತಿದ್ದೇವೆ. ಸಂತೋಷಪಡುವುದು ತಪ್ಪಲ್ಲ. ಆದರೆ ಗಾಣದ ಕಾಲದಲ್ಲಿ ಕಬ್ಬು, ಸಿಪ್ಪೆ, ಒಲೆ, ಹೊಗೆ, ಬಾವಿ ಇವೆಲ್ಲ ಬಹುಪಾಲು ಒಬ್ಬನವೇ ಆಗಿದ್ದವು. ತನ್ನ ಹೊಗೆಗೆ ತಾನೇ ಕೆಮ್ಮುತ್ತಿದ್ದ. ಈಗ ಕಬ್ಬು ಒಬ್ಬನದು, ಸಿಪ್ಪೆ ಇನ್ನೊಬ್ಬನದು, ಬಾವಿ ಮೂರನೆಯವನದು. ಆದ್ದರಿಂದ ನಮ್ಮ ಅಜ್ಜಂದಿರಿಗೆ ಏಳದ ಪ್ರಶ್ನೆಯೊಂದು ನಮಗೆ ಎದ್ದಿದೆ. ಉಳಿದದ್ದು ಯಾರ ಪಾಲು, ಅದನ್ನು ಹೀಗೆ ಮಾಡಬೇಕು, ಹಾಗೆ ಮಾಡಬೇಕು ಎಂದು ನಿರ್ಣಯಿಸುವಾಗ ಯಾರನ್ನು ಕೇಳಬೇಕು?

ಪಾಲಿನ ವಿಷಯ ಮೊದಲು. ಅಳಿಯಂದಿರ ಲೆಕ್ಕವನ್ನು ಸುಮ್ಮನೆ ಕೇಳುತ್ತಿದ್ದ ರೈತರು ಬಾಯಿ ತೆರೆದು ಹೇಳಿದರು: “ನಾ ಕೊಟ್ಟದ್ದು ಕಬ್ಬರೀ, ಬರೇ ಸಕ್ಕರಿ ಅಲ್ಲ. ಕಬ್ಬಿನಾಗ ಕರೆಂಟೂ ಇತ್ತಂತ ನಮ್ಮಪ್ಪಗ ಯಾರೂ ಹೇಳಲಿಲ್ಲ.” ಅಳಿಯಂದಿರು ನಕ್ಕು, “ಬಾಯ್ಲರಿಗಿ, ಟರ್ಬೈನಿಗಿ ರೊಕ್ಕ ಹಾಕಿದಾವ್ರಿಗೂ ಪಾಲು ಬ್ಯಾಡೇನ್ರಿ ಮಾವಾರ?” ಎಂದರು. ಇಬ್ಬರ ಮಾತೂ ನ್ಯಾಯವೇ. ಈ ಜಗಳವನ್ನು ತೀರಿಸಲೆಂದೇ ಡಾ. ಸಿ. ರಂಗರಾಜನ್ ಸಮಿತಿ 2012ರಲ್ಲಿ ಒಂದು ಹಂಚಿಕೆಯನ್ನು ಸೂಚಿಸಿತು: ಸಕ್ಕರೆ ಮತ್ತು ಮೊದಲ ಉಪಪದಾರ್ಥಗಳಿಂದ ಬಂದ ಆದಾಯದಲ್ಲಿ ನೂರಕ್ಕೆ 70 ಬೆಳೆಗಾರನಿಗೆ, 30 ಕಾರಖಾನೆಗೆ. ಕರ್ನಾಟಕವು 2013ರಲ್ಲಿ ಕಬ್ಬಿನ ಖರೀದಿ ಮತ್ತು ಸರಬರಾಜಿನ ನಿಯಂತ್ರಣಕ್ಕೆ ತನ್ನದೇ ಕಾಯಿದೆ ಮಾಡಿತು. ಅದರಂತೆ ಬಂದ ಮಂಡಳಿಯಲ್ಲಿ ಬೆಳೆಗಾರರ ಪ್ರತಿನಿಧಿಗಳೂ ಕಾರಖಾನೆಗಳ ಪ್ರತಿನಿಧಿಗಳೂ ಒಂದೇ ಮೇಜಿಗೆ ಕುಳಿತುಕೊಳ್ಳುತ್ತಾರೆ. ಇಷ್ಟಾದರೂ 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ರಸ್ತೆಯಲ್ಲಿ ಕುಳಿತರು; ಸರಕಾರ ನಡುವೆ ಬಂದು 3,300 ಎಂದು ಹೇಳಬೇಕಾಯಿತು. ಮೇಜು ಇದ್ದರೂ ರಸ್ತೆ ಬೇಕಾಯಿತೆಂದರೆ, ಮೇಜಿನ ಮೇಲಿನ ಮಾತು ಮೇಜಿನ ಕೆಳಗೇ ಉಳಿಯುತ್ತಿದೆಯೆಂಬ ಸಂದೇಹ ಜನರಿಗಿದೆ ಎಂದು ತಿಳಿಯಬೇಕು.

ಆದರೆ ಪಾಲೆಂಬುದು ಹಣದಲ್ಲಿಯೇ ಮುಗಿಯುವ ಮಾತಲ್ಲ. ನಮ್ಮ ಹಿರಿಯರು ಉಳಿದದ್ದರ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿ ವಿಚಾರ ಮಾಡಿದವರು. ಯಜ್ಞದಲ್ಲಿ ಉಳಿದದ್ದನ್ನು ಉಣ್ಣುವವನನ್ನು ಗೀತೆ ಹೊಗಳುತ್ತದೆ. ದೇವರ ಮುಂದೆ ಇಟ್ಟು ಉಳಿದದ್ದು ಪ್ರಸಾದ. ಅದನ್ನು ಕಣ್ಣಿಗೆ ಒತ್ತಿಕೊಂಡು ತಿನ್ನುತ್ತೇವೆ. ಗುರುತಿಲ್ಲದವನ ಎಲೆಯಲ್ಲಿ ಉಳಿದದ್ದು ಎಂಜಲು. ಅದನ್ನು ನಮ್ಮ ಎಲೆಗೆ ಬಡಿಸಿದರೆ ಅವಮಾನವೆಂದು ಎದ್ದು ಹೋಗುತ್ತೇವೆ. ಅನ್ನ ಎರಡರಲ್ಲಿಯೂ ಒಂದೇ. ಅನ್ನವನ್ನು ನನ್ನ ಎಲೆಗೆ ತಂದ ಸಂಬಂಧ ಬೇರೆ. ಪ್ರಸಾದವನ್ನು ನಾನು ಕೈ ಚಾಚಿ ಪಡೆಯುತ್ತೇನೆ, ಬೇಡವೆನ್ನುವ ಸ್ವಾತಂತ್ರ್ಯ ನನಗಿದೆ. ಎಂಜಲನ್ನು ನನ್ನನ್ನು ಕೇಳದೆ ಬಡಿಸುತ್ತಾರೆ.

ಸ್ಪೆಂಟ್ ವಾಶ್ ಹೊಲಕ್ಕೆ ಹೋಗುವಾಗಲೂ ಇದೇ ಭೇದ. ಹದವರಿತು, ಬೇಕಾದಷ್ಟು ನೀರು ಬೆರೆಸಿ ಕೊಟ್ಟರೆ ಅದರೊಳಗಿನ ಪೊಟ್ಯಾಶ್ ಬೆಳೆಗೆ ಆಹಾರ. ಹದ ತಪ್ಪಿದರೆ ಬೇರು ಸುಡುತ್ತದೆ, ನೆಲದೊಳಗಿನ ನೀರು ಕೆಡುತ್ತದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬುದು ದ್ರವದ ಗುಣದಲ್ಲಿ ಎಷ್ಟಿದೆಯೋ, ಹೊಲದ ಒಡೆಯನಿಗೆ ಅದರ ವಿಷಯ ತಿಳಿದಿತ್ತೆ, ಅವನು ಬೇಡವೆಂದಿದ್ದರೆ ನಡೆಯುತ್ತಿತ್ತೆ ಎಂಬುದರಲ್ಲಿಯೂ ಅಷ್ಟೇ ಇದೆ.

ಈ ಕೇಳುವ ಕೆಲಸಕ್ಕೆ ಈಗ ಇಂಗ್ಲಿಷಿನ ಒಂದು ದೊಡ್ಡ ಮಾತು ಬಂದಿದೆ, ಸ್ಟೇಕ್‌ಹೋಲ್ಡರ್ ಎಂದು. ಹಿಂದೆ ಆ ಮಾತಿಗೆ ಬಾಜಿ ಕಟ್ಟಿದವರಿಬ್ಬರ ಹಣವನ್ನು ಆಟ ಮುಗಿಯುವ ತನಕ ಇಟ್ಟುಕೊಳ್ಳುವ ಮೂರನೆಯವನು ಎಂಬ ಅರ್ಥವಿತ್ತು. ಇಂದು ಯಾರಿಗೆ ಲಾಭನಷ್ಟದ ಸಂಬಂಧವಿದೆಯೋ ಅವರೆಲ್ಲ ಅದರಲ್ಲಿ ಬರುತ್ತಾರೆ. ನಮ್ಮ ಸರಕಾರಿ ಪತ್ರಗಳಲ್ಲಿ ‘ಸಂಬಂಧಪಟ್ಟವರಿಗೆ’ ಎಂದು ಬರೆಯುತ್ತಾರಲ್ಲ, ಆ ಮಾತೇ ನನಗೆ ಸಾಕು. ಷೇರು ಪೇಟೆಯ ದೊಡ್ಡ 1000 ಕಂಪನಿಗಳು 2022–23ರಿಂದ ಪ್ರತಿವರ್ಷ ಹೊಣೆಗಾರಿಕೆಯ ವರದಿಯೊಂದನ್ನು ಕೊಡಲೇಬೇಕೆಂದು ಸೆಬಿ ನಿಯಮ ಮಾಡಿದೆ. ಒಂಬತ್ತು ತತ್ವಗಳು ಅದಕ್ಕೆ ಆಧಾರ. ನಾಲ್ಕನೆಯದು ಸಂಬಂಧಪಟ್ಟವರೆಲ್ಲರ ಹಿತವನ್ನು ಗೌರವಿಸಬೇಕೆನ್ನುತ್ತದೆ; ಏಳನೆಯದು ಸರಕಾರದ ನೀತಿಯ ಮೇಲೆ ಪ್ರಭಾವ ಬೀರುವಾಗ ಹೊಣೆಯಿಂದಲೂ ಬಯಲಾಗಿಯೂ ನಡೆಯಬೇಕೆನ್ನುತ್ತದೆ. ನೀವು ಯಾವ ಯಾವ ವ್ಯಾಪಾರ ಸಂಘಗಳ ಸದಸ್ಯರು, ಯಾರು ಯಾರನ್ನು ಸಂಬಂಧಪಟ್ಟವರೆಂದು ಗುರುತಿಸಿದ್ದೀರಿ, ಅವರಲ್ಲಿ ದುರ್ಬಲರು ಯಾರು, ವರ್ಷಕ್ಕೆ ಎಷ್ಟು ಸಲ ಮಾತಾಡಿದಿರಿ ಎಂದು ಪಟ್ಟಿಯಲ್ಲಿ ಮನೆಗಳಿವೆ. ಪ್ರಶ್ನೆಗಳು ಒಳ್ಳೆಯವೇ. ಆದರೆ ಎಷ್ಟು ಸಲ ಮಾತಾಡಿದಿರಿ ಎಂಬ ಮನೆಯನ್ನು ಅಂಕಿಯಿಂದ ತುಂಬಬಹುದು; ಮಾತಾಡಿದ್ದರಿಂದ ನಿಮ್ಮ ಮನಸ್ಸು ಎಷ್ಟು ಸಲ ಬದಲಾಯಿತು ಎಂಬುದಕ್ಕೆ ಅಂಕಿ ಎಲ್ಲಿಂದ ತರುವುದು?

ಸಂಘಗಳನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ಭಾರತೀಯ ಸಕ್ಕರೆ ಕಾರಖಾನೆಗಳ ಸಂಘ 1932ರಷ್ಟು ಹಳೆಯದು; ದಕ್ಷಿಣದ ಕಾರಖಾನೆಗಳಿಗೆ ಬೇರೆ ಸಂಘವಿದೆ. ಒಂದೇ ಕಾರಖಾನೆ ತನ್ನ ಕೊಳೆ ನೀರನ್ನು ಶುದ್ಧಮಾಡಲು ಹಣ ಸುರಿದು, ನೆರೆಯ ಕಾರಖಾನೆ ಸುರಿಯದಿದ್ದರೆ, ಒಳ್ಳೆಯವನೇ ಪೇಟೆಯಲ್ಲಿ ಸೋಲುತ್ತಾನೆ. ಆದ್ದರಿಂದ ಎಲ್ಲರಿಗೂ ಒಂದೇ ಕಟ್ಟು ಬೇಕು. ಕಟ್ಟು ಹಾಕುವುದಕ್ಕೆ ಎಲ್ಲರನ್ನೂ ಕೂಡಿಸಬಲ್ಲ ಸಂಘ ಬೇಕು. 2003ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಕೈಗಾರಿಕೆಗಳೊಡನೆ ಮಾತಾಡಿ 17 ವರ್ಗದ ಉದ್ಯಮಗಳಿಗೆ ಒಂದು ಪರಿಸರ ಸನ್ನದನ್ನು ತಂದಿತು. ಸಕ್ಕರೆ ಕಾರಖಾನೆಗಳೂ ಭಟ್ಟಿಗಳೂ ಅದರೊಳಗೆ ಬಂದವು. 2005ರ ಡಿಸೆಂಬರಿನ ಒಳಗೆ ಸ್ಪೆಂಟ್ ವಾಶ್ ಪೂರ್ತಿಯಾಗಿ ಬಳಕೆಯಾಗಬೇಕು, ಹಳ್ಳಕೊಳ್ಳಗಳಿಗೆ ಹೋಗಕೂಡದು ಎಂದು ಅದರಲ್ಲಿ ಗಡುವು ಹಾಕಿದರು. ಅಳಿಯಂದಿರು ಹೇಳಿದ ‘ಕಸ ಅನ್ನೂದ ಇಲ್ಲ’ ಎಂಬ ಮಾತಿನ ಹಿಂದೆ ಇಂಥ ಗಡುವುಗಳ ಒತ್ತಾಯವೂ ಇದೆ. ಸಂಘದಿಂದ ಆಗುವ ಉಪಕಾರ ಇದು. ಆದರೆ ಸಂಘವಿದ್ದವನಿಗೆ ಕುರ್ಚಿ ಸಿಗುತ್ತದೆ, ಸಂಘವಿಲ್ಲದವನು ಬಾಗಿಲ ಹೊರಗೆ ನಿಲ್ಲುತ್ತಾನೆ. ಕಾರಖಾನೆಗೆ ಸಂಘವಿದೆ, ಬೆಳೆಗಾರನಿಗೆ ಸಂಘವಿದೆ. ಬಾವಿಗೆ ಯಾವ ಸಂಘ?

ಬಾವಿಯ ಮಾತು ಬಂದದ್ದರಿಂದ ನನ್ನದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದು ನಡೆದದ್ದು ಉಗಾರದಲ್ಲಲ್ಲ, ಕೃಷ್ಣೆಯ ದಂಡೆಯಲ್ಲಿಯೂ ಅಲ್ಲ; ದೂರದ ಬೇರೊಂದು ಸೀಮೆಯಲ್ಲಿ, ಬಹಳ ವರ್ಷಗಳ ಹಿಂದೆ. 2006ರ ಅಧಿಸೂಚನೆಯ ಪ್ರಕಾರ ಇಂಥ ದೊಡ್ಡ ಯೋಜನೆಗಳಿಗೆ ಒಪ್ಪಿಗೆ ಕೊಡುವ ಮೊದಲು ಸಾರ್ವಜನಿಕ ಆಲಿಕೆ ಸಭೆ ನಡೆಯಬೇಕು. ಮೂವತ್ತು ದಿನ ಮುಂಚಿತವಾಗಿ ಪತ್ರಿಕೆಯಲ್ಲಿ ಪ್ರಕಟಣೆ, ಜಿಲ್ಲಾಧಿಕಾರಿಗಳ ಅಥವಾ ಅವರ ಪರವಾಗಿ ಬಂದ ಹಿರಿಯ ಅಧಿಕಾರಿಗಳ ಅಧ್ಯಕ್ಷತೆ, ಕೊನೆಯಲ್ಲಿ ಸಭೆಯ ಸಾರಾಂಶವನ್ನು ಜನರ ಭಾಷೆಯಲ್ಲಿಯೇ ಓದಿ ಹೇಳುವುದು, ಇವೆಲ್ಲ ಕ್ರಮಗಳು. ಅಂಥ ಒಂದು ಸಭೆಯಲ್ಲಿ ಮಾತುಗಳನ್ನು ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಶಾಮಿಯಾನದ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದು ಬಂದಳು. ಧ್ವನಿವರ್ಧಕವನ್ನು ಹಿಡಿಯಲು ಬಾರದೆ ಪಕ್ಕಕ್ಕೆ ಸರಿಸಿ, ತನ್ನ ಬಾವಿಯ ಕಥೆಯನ್ನು ಹೇಳಿದಳು. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದಂತೆ. ಆದರೆ ತನ್ನ ಎಮ್ಮೆ ಆ ನೀರನ್ನು ಮೂಸಿ ಮುಖ ತಿರುಗಿಸುತ್ತದಂತೆ. ಎಮ್ಮೆ ಕುಡಿಯದ್ದನ್ನು ಮೊಮ್ಮಗನಿಗೆ ಹೇಗೆ ಕುಡಿಸಲಿ ಎಂದಳು. ಅದಕ್ಕಾಗಿ ದಿನಾ ಎರಡು ಸಲ ಹಳ್ಳದಾಚೆಯ ಬಾವಿಗೆ ಹೋಗಿ ಬರುತ್ತಾಳೆ; ಹೊಸ ಭಟ್ಟಿ ಬಂದು ಆ ಬಾವಿಯೂ ಹೀಗಾದರೆ ಆಮೇಲೆ ಎಲ್ಲಿಗೆ ಹೋಗಲಿ ಎಂದು ಕೇಳಿದಳು. ಸಭೆ ನಿಶ್ಶಬ್ದವಾಯಿತು. ನಾನು ನನ್ನ ಕಾಗದದ ಮೇಲೆ ಬರೆದೆ: ‘ಅಂತರ್ಜಲದ ಗುಣಮಟ್ಟದ ಬಗ್ಗೆ ಸ್ಥಳೀಯರು ಆತಂಕ ವ್ಯಕ್ತಪಡಿಸಿದರು.’

ಕೊನೆಯಲ್ಲಿ ಸಾರಾಂಶವನ್ನು ಓದಿದೆವು. ಮುದುಕಿ ಹೋಗದೆ ಕುಳಿತಿದ್ದಳು. ಎಲ್ಲವನ್ನೂ ಕೇಳಿ ನನ್ನ ಬಳಿಗೆ ಬಂದು, “ನಾ ಹೇಳಿದ್ದು ಇದರಾಗ ಬಂದಿಲ್ಲಲ್ಲೋ ತಮ್ಮಾ” ಎಂದಳು. ಬಂದಿದೆ ಎಂದು ಆ ಸಾಲನ್ನು ತೋರಿಸಿದೆ. ಓದಿ ಹೇಳೆಂದಳು. ಓದಿದೆ. “ಎಮ್ಮಿ ಎಲ್ಲೈತಿ?” ಎಂದಳು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ವಾಕ್ಯದಲ್ಲಿ ಸುಳ್ಳೇನೂ ಇರಲಿಲ್ಲ. ಕಚೇರಿಯ ಕ್ರಮದಲ್ಲಿ ಅದು ನಿರ್ದೋಷವಾದ ವಾಕ್ಯ. ಆದರೆ ಆ ಮುದುಕಿ ತಂದದ್ದು ಆತಂಕವಲ್ಲ, ಸಾಕ್ಷ್ಯ. ಎಮ್ಮೆಯೂ ಎರಡು ಬಾರಿಯ ನಡಿಗೆಯೂ ಇದ್ದಿದ್ದರೆ ಯಾವನಾದರೂ ಅಧಿಕಾರಿ ಆ ಬಾವಿಯ ನೀರನ್ನು ಪರೀಕ್ಷಿಸಿರಿ ಎಂದು ಒಂದು ಷರಾ ಬರೆದಿರುತ್ತಿದ್ದನೋ ಏನೋ. ಆತಂಕಕ್ಕೆ ಯಾರೂ ಷರಾ ಬರೆಯುವುದಿಲ್ಲ. ಕಾರಖಾನೆಯವನು ರಸವನ್ನು ತೆಗೆದುಕೊಂಡು ಸಿಪ್ಪೆಯನ್ನೂ ಕೆಲಸಕ್ಕೆ ಹಚ್ಚುತ್ತಾನೆ. ನಾನು ರಸವನ್ನು ಚೆಲ್ಲಿ ಸಿಪ್ಪೆಯನ್ನು ಸರಕಾರಕ್ಕೆ ಕಳಿಸಿದೆ. ಆಲಿಕೆ ಸಭೆ ಎಂದು ಅದರ ಹೆಸರು. ಆಲಿಸಲಿಲ್ಲ, ಸಾರಾಂಶ ಮಾಡಿದೆ.

ಈ ಕಥೆಯನ್ನು ಅಂದು ರಸ್ತೆಯ ಬದಿಯಲ್ಲಿ ಹೇಳಿದಾಗ ಅಳಿಯಂದಿರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಕಡೆಯ ಮಾತನ್ನೂ ಆಡಿದರು. ಕಡಿದ ಕಬ್ಬು ನಿಂತಷ್ಟು ಹೊತ್ತು ಇಳುವರಿ ಇಳಿಯುತ್ತದೆ. ಹಂಗಾಮು ಯಾರಿಗೂ ಕಾಯುವುದಿಲ್ಲ. ಪ್ರತಿಯೊಬ್ಬನನ್ನೂ ಕೇಳುತ್ತ ಕುಳಿತರೆ ಯಾವ ಯಂತ್ರವೂ ಏಳುವುದಿಲ್ಲ. ಕಾರಖಾನೆ ನಿಂತರೆ ಮೊದಲು ಸಾಯುವವನು ಕಬ್ಬು ಬೆಳೆದವನೇ. ಈ ಮಾತನ್ನು ನಾನು ತಳ್ಳಿಹಾಕಲಾರೆ. ಸರಕಾರವೂ ಇದೇ ತರ್ಕವನ್ನು ಹಿಡಿದು, 2021ರ ಜೂನಿನಲ್ಲಿ, ಪೆಟ್ರೋಲಿಗೆ ಬೆರೆಸುವ ಎಥೆನಾಲಿಗಾಗಿಯೇ ವಿಸ್ತರಿಸುವ ಕಾರಖಾನೆಗಳಿಗೂ ಭಟ್ಟಿಗಳಿಗೂ ಆಲಿಕೆ ಸಭೆಯಿಲ್ಲದ ಹತ್ತಿರದ ದಾರಿಯೊಂದನ್ನು ಕೆಲವು ಕಾಲ ತೆರೆದಿತ್ತು. ಉದ್ದೇಶ ಒಳ್ಳೆಯದು: ಎಣ್ಣೆಯ ಆಮದು ಕಡಿಮೆಯಾಗಬೇಕು, ಹೊಗೆ ಕಡಿಮೆಯಾಗಬೇಕು. 2025ರಲ್ಲಿ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ನೂರಕ್ಕೆ 20ನ್ನು ಮುಟ್ಟಿತು. ಆದರೆ ಒಳ್ಳೆಯ ಕೆಲಸ ಮಾಡುವವನಿಗೆ ಒಂದು ಅಪಾಯ ಕಾದಿರುತ್ತದೆ. ಕೆಟ್ಟ ಕೆಲಸ ಮಾಡುವವನು ಅಂಜುತ್ತ ಸುತ್ತಮುತ್ತ ನೋಡುತ್ತಾನೆ. ಒಳ್ಳೆಯ ಕೆಲಸ ಮಾಡುವವನಿಗೆ ತಾನು ಯಾರನ್ನೂ ಕೇಳಬೇಕಾಗಿಲ್ಲವೆಂದು ಅನ್ನಿಸಲು ತೊಡಗುತ್ತದೆ. ಜಗತ್ತನ್ನೇ ಉಳಿಸಲು ಹೊರಟವನಿಗೆ ಒಂದು ಬಾವಿ ಎಷ್ಟರದು!

ಎಲ್ಲರನ್ನೂ ಕೇಳುವುದು ಆಗದ ಮಾತಾದರೆ ಯಾರನ್ನು ಮೊದಲು ಕೇಳಬೇಕು? ಬಹಳ ದಿನ ಯೋಚಿಸಿ ನಾನು ನನ್ನ ಮಟ್ಟಿಗೆ ಒಂದು ಅಳತೆಯನ್ನು ಮಾಡಿಕೊಂಡಿದ್ದೇನೆ. ಯಾರು ಎದ್ದು ಹೋಗಲಾರರೋ ಅವರನ್ನು ಮೊದಲು. ಷೇರುದಾರನಿಗೆ ಬೇಡವಾದರೆ ಬೆಳಗಾಗುವಷ್ಟರಲ್ಲಿ ಷೇರು ಮಾರಿ ಹೋಗಬಲ್ಲ. ಬ್ಯಾಂಕು ಸಾಲವನ್ನು ಹಿಂದಕ್ಕೆ ಕೇಳಬಲ್ಲದು. ನನ್ನಂಥ ಅಧಿಕಾರಿಗೆ ವರ್ಗವಾಗುತ್ತದೆ. ರೈತನಿಗೆ ಇದು ಕಷ್ಟ. ನಾಟಿ ಮಾಡಿದ ಕಬ್ಬು ವರ್ಷವಿಡೀ ನೆಲ ಹಿಡಿಯುತ್ತದೆ, ಮತ್ತೆ ಕುಳೆ ಬರುತ್ತದೆ. ಬೀಡದಿಂದಲೋ ವಿಜಯಪುರದ ಕಡೆಯಿಂದಲೋ ಮುಂಗಡ ಪಡೆದು ಮಕ್ಕಳುಮರಿಗಳೊಡನೆ ಕಬ್ಬು ಕಡಿಯಲು ಬಂದ ಕುಟುಂಬಕ್ಕೆ ಹಂಗಾಮು ತೀರುವ ತನಕ ಹೋಗುವ ದಾರಿಯಿಲ್ಲ. ಹಳ್ಳದ ಪಕ್ಕದ ಮನೆಯ ಮುದುಕಿ ಎಲ್ಲಿಗೂ ಹೋಗಲಾರಳು. ಬಾವಿಯಂತೂ ಸರಿಯೇ ಸರಿ. ನಮ್ಮ ಸಭೆಗಳಲ್ಲಿ ಕುರ್ಚಿಯ ಕ್ರಮ ಇದಕ್ಕೆ ತಲೆಕೆಳಗಾಗಿದೆ. ಸುಲಭವಾಗಿ ಎದ್ದು ಹೋಗಬಲ್ಲವರು ಮುಂದಿನ ಸಾಲಿನಲ್ಲಿ, ಹೋಗಲಾರದವರು ಹಿಂದೆ.

ಬಾವಿ ಬಂದು ಮಾತಾಡುತ್ತದೆಯೆ ಎಂದು ಕೇಳಿದರೆ, ಮಾತಾಡುವುದಿಲ್ಲ. ಅದರಿಂದ ದಿನಾ ನೀರು ಸೇದುವವಳು ಮಾತಾಡುತ್ತಾಳೆ. ಅವಳು ಆಡಿದ್ದನ್ನು ಅವಳ ಮಾತಿನಲ್ಲಿಯೇ ಬರೆಯಬೇಕು. ನಿರ್ಣಯವಾದ ಮೇಲೆ ಅಲ್ಲ, ಆಗುವ ಮೊದಲು ಕೇಳಬೇಕು. ನೀರಿನ ಪರೀಕ್ಷೆಯ ಫಲವನ್ನು ಊರ ಚಾವಡಿಯಲ್ಲಿ ಕನ್ನಡದಲ್ಲಿ ಅಂಟಿಸಬೇಕು. ಕಾರಖಾನೆಗಳ ಸಂಘವು ದಿಲ್ಲಿಯಲ್ಲಿ ಮಂತ್ರಿಗಳನ್ನು ಕಾಣುವಷ್ಟೇ ಶ್ರದ್ಧೆಯಿಂದ ಈ ಚಾವಡಿಯಲ್ಲಿಯೂ ಒಂದು ದಿನ ಕುಳಿತುಕೊಳ್ಳಬೇಕು. ಇವು ದೊಡ್ಡ ಸಂಗತಿಗಳಲ್ಲ, ಬಾಯ್ಲರಿನಷ್ಟು ಖರ್ಚಿನವೂ ಅಲ್ಲ.

ಇದನ್ನೆಲ್ಲ ಕಾರಖಾನೆಯವರಿಗೆ ಮಾತ್ರ ಹೇಳಿ ಪಟ್ಟಣದಲ್ಲಿರುವ ನಾವು ತಪ್ಪಿಸಿಕೊಳ್ಳುವಂತಿಲ್ಲ. ಮುಂಜಾನೆಯ ಚಹದಲ್ಲಿ ನಾವು ಕಲಸುವ ಸಕ್ಕರೆ, ಗಾಡಿಗೆ ತುಂಬಿಸುವ ಪೆಟ್ರೋಲು, ಸಂಜೆ ಹಚ್ಚುವ ದೀಪ, ಇವುಗಳಲ್ಲಿ ಯಾವುದು ಎಲ್ಲಿಂದ ಬಂತೆಂದು ನಾವು ಕೇಳುವುದಿಲ್ಲ. ಅಗ್ಗವಾಗಿರಬೇಕು, ಶುದ್ಧವಾಗಿರಬೇಕು ಎಂದಷ್ಟೇ ಬಯಸುತ್ತೇವೆ. ಮನೆಯ ಕಸವನ್ನು ಎರಡು ಬುಟ್ಟಿಗಳಲ್ಲಿ ಬೇರೆ ಮಾಡಿ ಹಾಕಿದ ದಿನ ನಮ್ಮ ಪಾಲಿನ ಪುಣ್ಯ ಮುಗಿಯಿತೆಂದು ತಿಳಿಯುತ್ತೇವೆ. ಬುಟ್ಟಿ ಯಾವ ಊರಿನ ಹೊರವಲಯಕ್ಕೆ ಹೋಯಿತು, ಅಲ್ಲಿಯ ಬಾವಿ ಯಾರದು ಎಂದು ನಾನಂತೂ ಈ ತನಕ ಕೇಳಿಲ್ಲ.

ಮರುದಿನ ಬೆಳಗಾವಿಯ ರೈಲು ಹತ್ತಿಸಲು ರೈತರು ನಿಲ್ದಾಣಕ್ಕೆ ಬಂದರು. “ಆ ಮುದುಕಿ ಇನ್ನೂ ಅದಾಳೇನ್ರಿ?” ಎಂದು ಕೇಳಿದರು. ಗೊತ್ತಿಲ್ಲವೆಂದೆ. ಗಾಡಿ ಕುಡಚಿಯ ಕಡೆಗೆ ಕೃಷ್ಣೆಯ ಸೇತುವೆಯನ್ನು ದಾಟುವಾಗ ಕೆಳಗೆ ಕೆಲವು ಹೆಂಗಸರು ಕೊಡಗಳನ್ನು ಬೆಳಗುತ್ತಿದ್ದರು. ದಂಡೆಯ ಮೇಲೆ ಎರಡು ಎಮ್ಮೆಗಳು ನೀರಿಗೆ ಮುಖವಿಟ್ಟು ಕುಡಿಯುತ್ತಿದ್ದವು. ಅವು ನೆಮ್ಮದಿಯಿಂದ ಕುಡಿಯುವುದನ್ನು ನೋಡಿ ಮನಸ್ಸಿಗೆ ಸಮಾಧಾನವಾಯಿತು. ಚೀಲದಿಂದ ವಹಿಯನ್ನು ತೆಗೆದು ಆ ಮುದುಕಿ ಅಂದು ಆಡಿದ ಮಾತುಗಳನ್ನು, ನೆನಪಿದ್ದಷ್ಟನ್ನು, ಅವಳ ಮಾತಿನಲ್ಲಿಯೇ ಬರೆದುಕೊಂಡೆ. ಎಮ್ಮೆಯಿಂದ ಆರಂಭಿಸಿದೆ.